ಇಪ್ಪತ್ತು ಎಣಿಸಲಾರದವನ ಮೇಲ್ಮನವಿ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಒಬ್ಬನಿಗೆ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿದರೆ, ಅವನ ಮೇಲ್ಮನವಿ ಒಂದು ಕಾಲಕ್ಕೆ ಮದರಾಸಿಗೆ ಹೋಗಬೇಕಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಬೆಂಗಳೂರಿಗೆ ಹೊರಳಿತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದಾಗಿನಿಂದ ಧಾರವಾಡಕ್ಕೆ. (1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯ ದಾರಿ ಬೇರೆಯಾಗಿತ್ತು.) ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳೂ ಸೇರಿ ಈ ಐದೂ ಈಗ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ.

ದಾರಿಯೇನೋ ಹತ್ತಿರವಾಯಿತು. ಆದರೆ ಶಿಕ್ಷೆಗೊಳಗಾದವನು ಬುದ್ಧಿಮಾಂದ್ಯನಾಗಿದ್ದರೆ?

ಮದರಾಸು ಹೈಕೋರ್ಟ್ ಸ್ಥಾಪನೆಯಾದ 1862ರಲ್ಲೇ ಭಾರತೀಯ ದಂಡ ಸಂಹಿತೆಯೂ ಜಾರಿಗೆ ಬಂತು. ಚಿತ್ತಸ್ವಾಸ್ಥ್ಯವಿಲ್ಲದೆ, ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂದು ಅರಿಯಲಾರದವನು ಮಾಡಿದ್ದು ಅಪರಾಧವಲ್ಲ ಎಂದಿತು ಅದರ 84ನೇ ಕಲಮು. ಇದರ ಬೇರು ಇಂಗ್ಲೆಂಡಿನಲ್ಲಿದೆ. ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು 1843ರಲ್ಲಿ ಗುಂಡಿಟ್ಟು ಕೊಂದ ಮೆಕ್ನಾಟನ್‌ನ ಮೊಕದ್ದಮೆಯೇ ಅದು. ಆತ ಭ್ರಮೆಗೊಳಗಾಗಿದ್ದವನು. ಬುದ್ಧಿಮಾಂದ್ಯನ ಕಥೆ ಹಾಗಲ್ಲ. ಅವನಿಗೆ ಭ್ರಮೆಯಿಲ್ಲ, ಕಾಯಿಲೆ ಶುರುವಾದ ದಿನವೆಂಬುದಿಲ್ಲ, ವೈದ್ಯರ ಚೀಟಿಯೂ ಸಾಮಾನ್ಯವಾಗಿ ಇರುವುದಿಲ್ಲ. ಕುರಿ ಕಾಯುತ್ತಾನೆ, ಹೇಳಿದ ಕೆಲಸ ಮಾಡುತ್ತಾನೆ; ಪೊಲೀಸರು ಕೇಳಿದ್ದಕ್ಕೆಲ್ಲ 'ಹೂಂ' ಎನ್ನಲೂಬಹುದು. ಊರಿಗೆಲ್ಲ ಗೊತ್ತಿರುವ ಸಂಗತಿ ಕಡತದಲ್ಲಿ ಮಾತ್ರ ಇರುವುದಿಲ್ಲ.

ಇಪ್ಪತ್ತು ಎಣಿಸಲಾರದವನು, ತಂದೆತಾಯಿಯರು ಯಾರೆಂದು ಹೇಳಲಾರದವನು ಜನ್ಮತಃ ಮಂದಮತಿ ಎಂಬುದು ಹಳೆಯ ಇಂಗ್ಲಿಷ್ ಒರೆಗಲ್ಲು. 2007ರ ಬಾಪು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ನೆನೆದಿದೆ. ಇಪ್ಪತ್ತೈದರವರೆಗೆ ಎಣಿಸುವವನ ಗತಿ ಏನೋ! ಇದನ್ನೆಲ್ಲ ರುಜುವಾತುಪಡಿಸುವ ಹೊರೆಯೂ ಆರೋಪಿಯದೇ. ಅದನ್ನು ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಸಂಭವನೀಯತೆ ತೋರಿದರೆ ಸಾಕು ಎಂದು 1964ರ ದಹ್ಯಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊರೆಯನ್ನು ತುಸು ಇಳಿಸಿತು.

ಮೇಲ್ಮನವಿಗೆ ಹೈಕೋರ್ಟಿನಲ್ಲಿ 60 ದಿನಗಳ ಗಡುವು. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕಾದರೆ 30 ದಿನ. ಸಕಾರಣವಿದ್ದರೆ ವಿಳಂಬ ಮನ್ನಾ ಆಗುತ್ತದೆ. ಜೈಲಿನಲ್ಲಿರುವವನು ಜೈಲಧಿಕಾರಿಯ ಮೂಲಕವೇ ಮನವಿ ಕಳಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಂಗವಿಕಲರಿಗೆ ವಕೀಲರ ನೆರವು ಉಚಿತ. ಕೆಳಗೆ ಬಾರದ ವೈದ್ಯಕೀಯ ಸಾಕ್ಷ್ಯವನ್ನು ಮೇಲಿನ ನ್ಯಾಯಾಲಯ ಅಗತ್ಯವೆನಿಸಿದರೆ ಹೊಸದಾಗಿ ಪಡೆಯಲೂಬಹುದು. ಆದರೆ ಇವೆಲ್ಲವನ್ನೂ ಯಾರಾದರೂ ಕೇಳಬೇಕು. ಅಷ್ಟು ದಿನ ಎಣಿಸಲಾರದವನ ಪರವಾಗಿ ಇನ್ನೊಬ್ಬರು ಎಣಿಸಬೇಕು.

ಕಾನೂನಿನಲ್ಲಿ ಪದವೂ ಮುಖ್ಯ. 2023ರ ಆಗಸ್ಟ್‌ನ ನ್ಯಾಯ ಸಂಹಿತೆ ಮಸೂದೆ 'ಚಿತ್ತಸ್ವಾಸ್ಥ್ಯವಿಲ್ಲದ' ಎಂಬುದನ್ನು ಕೈಬಿಟ್ಟು 'ಮಾನಸಿಕ ಅಸ್ವಸ್ಥತೆ' ಎಂದು ಬರೆದಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆ ಪದದೊಳಗೆ ಬುದ್ಧಿಮಾಂದ್ಯತೆ ಸೇರುವುದೇ ಇಲ್ಲ. ಡಿಸೆಂಬರಿನ ಪರಿಷ್ಕೃತ ಮಸೂದೆಯಲ್ಲಿ ಹಳೆಯ ಪದ ಮರಳಿತು. 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯ 22ನೇ ಕಲಮಾಗಿ ಜಾರಿಯಲ್ಲಿದೆ.