ಹಿಮದಲ್ಲಿ ಹೂತ ದಾರಿ, ಗ್ಯಾರೇಜಿನಲ್ಲಿ ಹುಟ್ಟಿದ ಪಟ್ಟಿ



ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ ಬಲವೇ ಒತ್ತಡ. ಈ ವಾಕ್ಯವನ್ನು ನಿಮ್ಮಲ್ಲಿ ಅನೇಕರು ನನ್ನ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ಶಾಲೆಯ ಹಿಂದಿನ ಕೆಸರುಗದ್ದೆಗೆ ನಿಮ್ಮನ್ನು ಕರೆದೊಯ್ದು, ಮೊದಲು ಬರಿಗಾಲಿನಲ್ಲಿ, ಅನಂತರ ಅಡಿಕೆ ದಬ್ಬೆಗಳನ್ನು ಹಾಸಿ ಅದರ ಮೇಲೆ ನಡೆಸಿದ್ದೂ ನೆನಪಿರಬಹುದು. ಅದೇ ದೇಹ, ಅದೇ ಕೆಸರು. ಆದರೆ ದಬ್ಬೆಯ ಮೇಲೆ ಕಾಲು ಹೂಳಲಿಲ್ಲ.

ಅಂದು ಗದ್ದೆಯಲ್ಲಿ ಬಿದ್ದು ಎಲ್ಲರನ್ನೂ ನಗಿಸಿದ್ದ ಹುಡುಗನೊಬ್ಬ ಈಗ ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಎಂಜಿನಿಯರ್. ಕಳೆದ ತಿಂಗಳು ಅವನಿಂದ ಪತ್ರ ಬಂದಿತ್ತು. ನೆಲ, ಕೆಸರು, ನೀರು ಮೂರರಲ್ಲೂ ಚಲಿಸುವ ಆರು ಚಕ್ರಗಳ ಪುಟ್ಟ ವಾಹನವೊಂದು ಅವನ ನೆರೆಯವರ ಬಳಿ ಇದೆಯಂತೆ. ಅದರ ಚಕ್ರಗಳಿಗೆ ಸುತ್ತುವ ಟ್ರ್ಯಾಕ್ ಪಟ್ಟಿಯನ್ನು ಅಂಗಡಿಯಲ್ಲಿ ಕೊಳ್ಳಲು ದುಬಾರಿಯೆಂದು ಅವರು ಮನೆಯಲ್ಲಿಯೇ ತಯಾರಿಸುತ್ತಿದ್ದಾರಂತೆ. "ಸರ್, ನಿಮ್ಮ ಅಡಿಕೆ ದಬ್ಬೆ ಇಲ್ಲಿಗೂ ಬಂದಿದೆ" ಎಂದು ಬರೆದಿದ್ದ. ಆ ಒಂದು ಸಾಲು ನನ್ನನ್ನು ಈ ಪಟ್ಟಿಯ ಇತಿಹಾಸದ ಕಡೆಗೆ ಎಳೆದೊಯ್ದಿತು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಾಲ್ಕೂರ್ ಎಂಬ ಪಟ್ಟಣವಿದೆ. ಜೋಸೆಫ್ ಅರ್ಮಾಂ ಬೊಂಬಾರ್ಡಿಯೇ 1907ರಲ್ಲಿ ಅಲ್ಲಿ ಜನಿಸಿದರು. ಅಂದಿನ ದಿನಗಳಲ್ಲಿ ಆ ಕಡೆಯ ಹಳ್ಳಿಯ ರಸ್ತೆಗಳಲ್ಲಿ ಹಿಮ ತೆಗೆಯುವ ವ್ಯವಸ್ಥೆ ಇರಲಿಲ್ಲ. ಚಳಿಗಾಲ ಬಂತೆಂದರೆ ಮೋಟಾರುಗಳು ಕೊಟ್ಟಿಗೆ ಸೇರುತ್ತಿದ್ದವು. ಕುದುರೆ ಎಳೆಯುವ ಜಾರುಗಾಡಿಯೇ ಗತಿ. 1922ರ ಕೊನೆಯಲ್ಲಿ, ಹದಿನೈದರ ಹುಡುಗ ಬೊಂಬಾರ್ಡಿಯೇ ಹಳೆಯ ಫೋರ್ಡ್ ಎಂಜಿನ್ನನ್ನು ಜಾರುಗಾಡಿಗೆ ಕೂಡಿಸಿ, ಹಿಂದೆ ವಿಮಾನದಂಥ ಪಂಖವನ್ನು ಅಳವಡಿಸಿ ತಮ್ಮ ಮೊದಲ ಹಿಮವಾಹನವನ್ನು ಓಡಿಸಿದರು. ಬರಿದಾಗಿ ತಿರುಗುವ ಪಂಖವನ್ನು ಕಂಡು ಹೆದರಿದ ತಂದೆ ಅದನ್ನು ಬಿಚ್ಚಿಹಾಕಿಸಿದರು. ತಂದೆಯ ಭಯ ನ್ಯಾಯವಾದದ್ದೇ. ಆದರೆ ಹುಡುಗನ ಮನಸ್ಸನ್ನು ಬಿಚ್ಚಿಹಾಕಲಾಗಲಿಲ್ಲ. 1926ರಲ್ಲಿ ಅವರು ಊರಿನಲ್ಲಿ ಸ್ವಂತ ಗ್ಯಾರೇಜು ತೆರೆದರು. ಬೇಸಿಗೆಯಲ್ಲಿ ಮೋಟಾರುಗಳ ದುರಸ್ತಿ, ಚಳಿಗಾಲದಲ್ಲಿ ಪ್ರಯೋಗ.

1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಈವೋನ್ ಕರುಳಿನ ಉರಿಯೂತದಿಂದ ನರಳಿದ. ಶಸ್ತ್ರಚಿಕಿತ್ಸೆಗೆ ಶೆರ್‌ಬ್ರೂಕ್ ನಗರದ ಆಸ್ಪತ್ರೆಗೆ ಒಯ್ಯಬೇಕಿತ್ತು. ದಾರಿಯೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು. ಗ್ಯಾರೇಜಿನಲ್ಲಿದ್ದ ಪ್ರಯೋಗದ ವಾಹನ ಇನ್ನೂ ಓಡುವ ಸ್ಥಿತಿಗೆ ಬಂದಿರಲಿಲ್ಲ. ಮಗು ಉಳಿಯಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮೂರಿನ ಒಂದು ಮಳೆಗಾಲ ನೆನಪಾಯಿತು. ಹಳ್ಳದಾಚೆಯ ಮನೆಯಿಂದ ಶಾಲೆಗೆ ಬರುತ್ತಿದ್ದ ಬಾಲಕಿಯೊಬ್ಬಳನ್ನು ಜ್ವರದಲ್ಲಿ ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಬಿದಿರಿಗೆ ಕಟ್ಟಿ, ನಾಲ್ವರು ಹೊತ್ತು ತಂದರು. ಕೆಸರಿನಲ್ಲಿ ಮೂರು ಮೈಲಿ ಕ್ರಮಿಸಲು ಅರ್ಧ ದಿನ ಹಿಡಿಯಿತು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಗೆರೆ ಎಳೆದ ಕೈ ನನ್ನದೇ. ದಾರಿಯಿಲ್ಲದ ಊರುಗಳ ದುಃಖ ಹಿಮದಲ್ಲಾದರೂ ಕೆಸರಿನಲ್ಲಾದರೂ ಒಂದೇ.

ಇರಲಿ, ಕಥೆಗೆ ಮರಳೋಣ. ಬೊಂಬಾರ್ಡಿಯೇ ತಮ್ಮ ಪ್ರಯತ್ನವನ್ನು ಬಿಡಲಿಲ್ಲ. ರಬ್ಬರು ಹೊದಿಸಿದ ಹಲ್ಲುಚಕ್ರ, ಅದು ಹಿಡಿದು ಎಳೆಯುವ ರಬ್ಬರು ಮತ್ತು ಹತ್ತಿ ಬಟ್ಟೆಯ ಪಟ್ಟಿ, ಪಟ್ಟಿಗೆ ಅಡ್ಡಲಾಗಿ ಉಕ್ಕಿನ ಕಂಬಿಗಳು: ಇದು ಅವರು ಕಂಡುಕೊಂಡ ಉಪಾಯ. 1937ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಏಳು ಜನ ಕೂರುವ ಬಿ-7, ಅನಂತರ ಹನ್ನೆರಡು ಜನರ ಬಿ-12 ವಾಹನಗಳು ಹೊರಬಂದವು. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಅವುಗಳಲ್ಲಿ ಹಿಮವನ್ನು ದಾಟಿದರು. 1948ರಲ್ಲಿ ಕ್ವಿಬೆಕ್ ಸರ್ಕಾರ ಚಳಿಗಾಲದಲ್ಲಿ ರಸ್ತೆಗಳ ಹಿಮ ತೆಗೆಸಲು ಕಾನೂನು ತಂದಾಗ ಅವರ ವ್ಯಾಪಾರ ಕುಸಿಯಿತು. ಊರಿಗೆ ಒಳಿತಾದದ್ದು ಕಾರ್ಖಾನೆಗೆ ನಷ್ಟವಾಯಿತು! ಆಗ ಅವರು ರಸ್ತೆಯೇ ಇಲ್ಲದ ಕಾಡು, ಜೌಗು ಪ್ರದೇಶಗಳತ್ತ ತಿರುಗಿದರು. 1953ರ ಮಸ್ಕೆಗ್ ಟ್ರ್ಯಾಕ್ಟರ್ ಹೀಗೆ ಹುಟ್ಟಿದ್ದು. 1959ರಲ್ಲಿ ಪ್ರಸಿದ್ಧವಾದ ಸ್ಕಿ-ಡೂ ಬಂತು. 1964ರಲ್ಲಿ ಅವರು ತೀರಿಕೊಂಡರು.

1960ರ ದಶಕದಲ್ಲಿ ಅದೇ ಕೆನಡಾದಲ್ಲಿ ಜಿಗರ್, ಆರ್ಗೋ ಮೊದಲಾದ ಉಭಯಚರ ವಾಹನಗಳು ತಯಾರಾದವು. ದೋಣಿಯಂಥ ಒಡಲು, ಕಡಿಮೆ ಗಾಳಿ ತುಂಬಿದ ದಪ್ಪ ಟೈರುಗಳು. ನೀರಿನಲ್ಲಿ ತಿರುಗುವ ಟೈರುಗಳೇ ಹುಟ್ಟಿನ ಕೆಲಸ ಮಾಡುತ್ತವೆ. ಮೆತ್ತನೆಯ ಹಿಮಕ್ಕೂ ಆಳದ ಕೆಸರಿಗೂ ಇಷ್ಟು ಸಾಲದೆಂದು ಟೈರುಗಳ ಮೇಲೆ ಪಟ್ಟಿ ಸುತ್ತುವ ರೂಢಿ ಬಂತು.

ಇನ್ನು ಮನೆಯಲ್ಲಿ ತಯಾರಿಸುವ ಬಗೆ. ಕಲ್ಲುಕ್ವಾರಿ, ಕಾರ್ಖಾನೆಗಳಲ್ಲಿ ಸವೆದ ಕನ್ವೇಯರ್ ಬೆಲ್ಟು ಅಗ್ಗವಾಗಿ ಸಿಗುತ್ತದೆ. ಅದನ್ನು ಉದ್ದುದ್ದ ಸೀಳಿ, ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಅಡ್ಡಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿಯುತ್ತಾರೆ. ಕಬ್ಬಿಣ ಗಟ್ಟಿಯಾದರೂ ಭಾರ. ಭಾರ ಹೆಚ್ಚಿದಷ್ಟೂ ವಾಹನ ನೀರಿನಲ್ಲಿ ಹೆಚ್ಚು ಮುಳುಗುತ್ತದೆ. ಅಡ್ಡಪಟ್ಟಿಗಳ ಅಂತರ ಟೈರಿನ ಉಬ್ಬುಗಳಿಗೆ ಹೊಂದಬೇಕು, ಇಲ್ಲವಾದರೆ ಜಾರುತ್ತದೆ. ಬೋಲ್ಟಿನ ನುಣುಪಾದ ತಲೆ ಟೈರಿನ ಕಡೆಗಿರಬೇಕು. ಒಂದು ಬದಿಯ ಚಕ್ರಗಳೆಲ್ಲ ಸರಪಳಿಯಿಂದ ಒಂದೇ ವೇಗದಲ್ಲಿ ತಿರುಗುವುದರಿಂದ ಟೈರುಗಳ ಸುತ್ತಳತೆ ಸಮನಾಗಿರಬೇಕು. ಒಂದು ಟೈರು ದೊಡ್ಡದಾದರೂ ಸರಪಳಿ, ಬೇರಿಂಗುಗಳ ಮೇಲೆ ಎಳೆತ ಬೀಳುತ್ತದೆ.

ಹಳೆಯ ಅಭ್ಯಾಸ ಬಿಡದು, ಒಂದು ಲೆಕ್ಕ ಕೊಡುತ್ತೇನೆ. ವಾಹನದ ಭಾರ 600 ಕಿಲೋ ಎನ್ನಿ. ನೆಲಕ್ಕೆ ತಾಗುವ ಪಟ್ಟಿ ಒಂದೊಂದೂ 200 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಎರಡೂ ಸೇರಿ 12,000 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ ಬೀಳುವ ಭಾರ 50 ಗ್ರಾಂ ಮಾತ್ರ. 60 ಕಿಲೋ ತೂಗುವ ನಾನು, 300 ಚದರ ಸೆಂ.ಮೀ.ನ ಎರಡು ಪಾದಗಳ ಮೇಲೆ ನಿಂತರೆ 200 ಗ್ರಾಂ! ಹತ್ತು ಪಟ್ಟು ಭಾರದ ಯಂತ್ರ ನನಗಿಂತ ಹಗುರವಾಗಿ ನೆಲವನ್ನು ಮುಟ್ಟುತ್ತದೆ. ನಮ್ಮ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕೂಡಿಸುವ ಕಬ್ಬಿಣದ ಕೇಜ್ ವೀಲ್ ಕೂಡ ಇದೇ ಕುಲದ್ದು. ಅದು ಭಾರವನ್ನು ಅಗಲಕ್ಕೆ ಹಂಚಿ ಕೆಸರಿನಲ್ಲಿ ಹಿಡಿತ ಕೊಡುತ್ತದೆ.

ನನ್ನ ಶಿಷ್ಯನಿಗೆ ಮರುಪತ್ರ ಬರೆದಿದ್ದೇನೆ: ಸಾಧ್ಯವಾದರೆ ವಾಲ್ಕೂರಿನ ವಸ್ತುಸಂಗ್ರಹಾಲಯದಲ್ಲಿ ಕಾದಿರಿಸಿರುವ ಆ ಹಳೆಯ ಗ್ಯಾರೇಜನ್ನು ನೋಡಿ ಬಾ. ಯಂತ್ರಗಳನ್ನು ನೋಡುವಾಗ ಆ ಎರಡು ವರ್ಷದ ಮಗುವನ್ನೂ ನೆನೆ. ಪಾಠವನ್ನು ನಾನು ಗದ್ದೆಯಲ್ಲಿ ಹೇಳಿದ್ದೆ; ಅದು ಯಾತಕ್ಕೆ ಬೇಕೆಂಬುದನ್ನು ಹೇಳುವುದು ಉಳಿದಿತ್ತು.