ಹಳೆಯ ಮನೆಗೆ ಡಿಟಿಎಚ್: ಒಂದೇ ಡಿಶ್, ಹಲವು ಕೋಣೆ

ಅಫಜಲಪುರ: ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪೆರೆಯುವ ಈ ಭಾಗದ ಹಳೆಯ ಮನೆಗಳ ರಚನೆಯೇ ಹಲವು ಕೋಣೆಗಳಿಗೆ ಉಪಗ್ರಹ ಟಿ.ವಿ. ಸಂಪರ್ಕ ಕಲ್ಪಿಸುವಾಗ ತೊಡಕಾಗುತ್ತದೆ. ಮಾಳಿಗೆ ಕೊರೆದು ಬೋಲ್ಟ್ ಬಿಗಿದರೆ ಮಳೆಗಾಲದಲ್ಲಿ ಸೋರುವ ಭಯವಿದೆ. ಡಿಶ್‌ಗೆ ಗಟ್ಟಿಯಾದ ಹೊರಗೋಡೆಯೇ ಕ್ಷೇಮ.

ದಿಕ್ಕು: ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಸೇವೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದ ಮೂಲಕ ಬರುತ್ತದೆ. ಅಫಜಲಪುರದಿಂದ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 62 ಡಿಗ್ರಿ ಮೇಲಿದೆ. ಆ ದಿಕ್ಕಿಗೆ ಮರ ಅಥವಾ ಎತ್ತರದ ಗೋಡೆ ಅಡ್ಡವಿರಬಾರದು.

ಎಲ್‌ಎನ್‌ಬಿ: ಡಿಶ್‌ನ ಮುಂಭಾಗದ ಈ ಸಾಧನ ಉಪಗ್ರಹದ ಸಂಕೇತವನ್ನು ಕೇಬಲ್‌ನಲ್ಲಿ ಸಾಗಬಲ್ಲ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ಅದಕ್ಕೆ ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಸೆಟ್‌ಟಾಪ್ ಬಾಕ್ಸ್ ಅದೇ ಕೇಬಲ್ ಮೂಲಕ ಕಳುಹಿಸುತ್ತದೆ. ಆದ್ದರಿಂದ ಕೇಬಲ್ ಟಿ.ವಿ.ಯ ಹಳೆಯ ಸ್ಪ್ಲಿಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಎರಡು ಟಿ.ವಿ.ಗಳಿಗೆ ಎರಡು ಔಟ್‌ಪುಟ್‌ಗಳ, ನಾಲ್ಕಕ್ಕೆ ನಾಲ್ಕು ಔಟ್‌ಪುಟ್‌ಗಳ ಎಲ್‌ಎನ್‌ಬಿ ಬೇಕು. ಅದಕ್ಕೂ ಹೆಚ್ಚಿದ್ದರೆ ಮಲ್ಟಿಸ್ವಿಚ್. ಪ್ರತಿ ಕೋಣೆಯಲ್ಲೂ ಬೇರೆ ಬೇರೆ ವಾಹಿನಿ ನೋಡಲು ಪ್ರತ್ಯೇಕ ಬಾಕ್ಸ್ ಅನಿವಾರ್ಯ.

ಕೇಬಲ್: ಪ್ರತಿ ಬಾಕ್ಸ್‌ಗೂ ಡಿಶ್ ಅಥವಾ ಮಲ್ಟಿಸ್ವಿಚ್‌ನಿಂದ ಪ್ರತ್ಯೇಕ ಆರ್‌ಜಿ-6 ಕೇಬಲ್ ಎಳೆಯಬೇಕು. ಕಲ್ಲುಗೋಡೆ ಕೊರೆಯುವ ಬದಲು ಕಿಟಕಿಯ ಚೌಕಟ್ಟಿನ ಮೂಲೆಯಿಂದ ಒಳತರಬಹುದು. ಒಳಬರುವ ಮುನ್ನ ಕೇಬಲನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟರೆ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ. ಸಿಡಿಲಿನಿಂದ ರಕ್ಷಣೆಗೆ ಡಿಶ್‌ಗೆ ಅರ್ಥಿಂಗ್ ಇರಲಿ. ಗುಡುಗು ಆರಂಭವಾಗುವ ಮೊದಲೇ ಬಾಕ್ಸ್‌ನ ಪ್ಲಗ್ ಮತ್ತು ಕೇಬಲ್ ಎರಡನ್ನೂ ಕಳಚುವುದು ಲೇಸು.

ಖರ್ಚು: ಫ್ರೀ ಡಿಶ್‌ಗೆ ಮಾಸಿಕ ಶುಲ್ಕವಿಲ್ಲ. ಪಾವತಿ ಸೇವೆಗಳಲ್ಲಿ ಹೆಚ್ಚುವರಿ ಸಂಪರ್ಕಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕವಿರುತ್ತದೆ. ಹೀಗಾಗಿ ಟಿ.ವಿ.ಗಳ ಸಂಖ್ಯೆ ಮತ್ತು ಕೇಬಲ್ ಸಾಗುವ ದಾರಿ ನಿಶ್ಚಯವಾದ ನಂತರವೇ ಗೋಡೆಗೆ ಕೈಹಚ್ಚುವುದು ಸೂಕ್ತ.