ಪತ್ತು: ಕಣಗಿನಹಾಳದ ಸಂಘದಿಂದ ಸಿಬಿಲ್ ಸ್ಕೋರ್ ತನಕ

ನಮ್ಮ ಧಾರವಾಡ ಕಡೆ ಯಾವ ಊರಿಗೆ ಹೋದರೂ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ: ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. ಗೊಬ್ಬರಕ್ಕೆ, ಬೆಳೆಸಾಲಕ್ಕೆ ಎಲ್ಲರೂ ಅಲ್ಲಿಗೆ ಹೋಗುತ್ತೇವೆ. ಆದರೆ 'ಪತ್ತು' ಅಂದರೇನು ಎಂದು ಕೇಳಿದರೆ ಈಗಿನ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಈ ಮನುಷ್ಯನಿಗೆ ಸಾಲ ಕೊಟ್ಟರೆ ವಾಪಸ್ ಬರುತ್ತದೆ ಎನ್ನುವ ನಂಬಿಕೆಯೇ ಪತ್ತು. ಮರಾಠಿಯವರೂ 'ಪತ' ಅನ್ನುತ್ತಾರೆ. ಇವತ್ತು ಬ್ಯಾಂಕಿನವರು ಕಂಪ್ಯೂಟರ್ ನೋಡಿ "ನಿಮ್ಮ ಸಿಬಿಲ್ ಸರಿ ಇಲ್ಲ" ಎಂದಾಗ ಹೇಳುತ್ತಿರುವುದೂ ಇದನ್ನೇ.

ಈ ಪತ್ತನ್ನು ಮೊದಲು ಬರೆದಿಡುತ್ತಿದ್ದವನು ಸಾಹುಕಾರ. ಕಿರ್ದಿ ಅವನದು, ಲೆಕ್ಕ ಅವನದು, ಹೆಬ್ಬೆಟ್ಟು ಮಾತ್ರ ರೈತನದು. 1875ರಲ್ಲಿ ಪುಣೆ, ಅಹಮದ್‌ನಗರ ಸೀಮೆಯ ರೈತರು ದಂಗೆ ಎದ್ದಾಗ ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ನೋಡುವ ಹಕ್ಕೇ ಇಲ್ಲದಿದ್ದವರು ಇನ್ನೇನು ಮಾಡಿಯಾರು?

ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಆ ಕಾಯ್ದೆಯಡಿ ನೋಂದಣಿಯಾದ ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಏಷ್ಯಾಕ್ಕೇ ಮೊದಲು ಎನ್ನುವವರೂ ಉಂಟು. ಅದೇ ವರ್ಷ ಪಕ್ಕದ ನೇಕಾರರ ಊರು ಬೆಟಗೇರಿಯಲ್ಲೂ ಒಂದು ಪತ್ತಿನ ಸಂಘ ಹುಟ್ಟಿತು.

ಕಾಯ್ದೆಯ ನಿಯಮ ಕೇಳಿದರೆ ಇವತ್ತಿನವರು ಬೆಚ್ಚುತ್ತಾರೆ. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಮಾಡಬಹುದು. ಸಾಲ ಸದಸ್ಯರಿಗೆ ಮಾತ್ರ. ಆದರೆ ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿಯೇ ಇಲ್ಲ: ಸಂಘದ ಸಾಲ ಮುಳುಗಿದರೆ ಪ್ರತಿ ಸದಸ್ಯನೂ ತನ್ನ ಆಸ್ತಿಯಿಂದ ತುಂಬಬೇಕು. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಗಳಲ್ಲಿ ನಡೆಸಿ ತೋರಿಸಿದ್ದ ಪದ್ಧತಿ ಇದು. ಹಾಗಾಗಿ ಯಾರ ಪತ್ತು ಹೇಗಿದೆ ಎಂದು ಊರೇ ಲೆಕ್ಕ ಹಾಕಬೇಕಿತ್ತು. ಮಳೆ ಕೈಕೊಟ್ಟು ಕಂತು ತಪ್ಪಿದವನು ಯಾರು, ಜಾತ್ರೆಯಲ್ಲಿ ದುಡ್ಡು ಹಾರಿಸಿ ತಪ್ಪಿದವನು ಯಾರು ಎಂಬುದು ಪಕ್ಕದ ಹೊಲದವನಿಗೆ ಗೊತ್ತಿರುತ್ತದಲ್ಲ.

ಹಾಗಂತ ಹಳೆಯದೆಲ್ಲ ಬಂಗಾರ ಎಂದು ನಾವು ಹೇಳುವುದಿಲ್ಲ. ಊರು ಪತ್ತು ಅಳೆಯುವಲ್ಲಿ ಜಾತಿ, ಹೊಲದ ಅಳತೆ, ಗೌಡರ ಮುನಿಸು ಎಲ್ಲವೂ ತೂಗುತ್ತವೆ. ಅಂಕಿಗೆ ಜಾತಿ ಗೊತ್ತಿಲ್ಲ. ಆದರೆ ಅಂಕಿಗೆ ಬರಗಾಲವೂ ಗೊತ್ತಿಲ್ಲ.

ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಇಂಥ ಕಂಪನಿಗಳಿಗೆ ಕಾನೂನು ಬಂದದ್ದು 2005ರಲ್ಲಿ, ಕಣಗಿನಹಾಳಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ. ಈಗ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂದು ನಾಲ್ಕಿವೆ. ಅಂಕ 300ರಿಂದ 900.

ನಮ್ಮ ಬಳಗದ ಒಬ್ಬರು ಗೆಳೆಯನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಸಹಿ ಹಾಕಿದ್ದರು. ಸಹಿ ಹಾಕಿದ್ದು ಮರೆತೂ ಹೋಗಿತ್ತು. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ತಿಳಿಯಿತು, ಗೆಳೆಯ ತಪ್ಪಿಸಿದ ಕಂತುಗಳು ಇವರ ದಾಖಲೆಯಲ್ಲೂ ಕೂತಿವೆ. 1905ರ ಸದಸ್ಯನಿಗೆ ತನ್ನ ಹೊಣೆ ಗೊತ್ತಿತ್ತು, ಸಂಘದ ಪುಸ್ತಕ ಊರಲ್ಲೇ ಇತ್ತು. ಇವರಿಗೆ ಒಂದು ಫೋನೂ ಬರಲಿಲ್ಲ.

ಒಂದು ವ್ಯತ್ಯಾಸ ನಮ್ಮ ಪರವಾಗಿದೆ. ಸಾಹುಕಾರನ ಕಿರ್ದಿ ನೋಡಲು ಆಗುತ್ತಿರಲಿಲ್ಲ, ಇದನ್ನು ನೋಡಬಹುದು. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತೆಗೆದು ಸಾಲು ಸಾಲು ಓದಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದಿದೆಯೇ? ನಿಮ್ಮದಲ್ಲದ ಸಾಲ ನಿಮ್ಮ ಹೆಸರಲ್ಲಿದೆಯೇ? ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರಿಂದ ಜಾರಿಯಲ್ಲಿದೆ.

ಒನ್ ಟೈಮ್ ಸೆಟಲ್‌ಮೆಂಟ್ ಬಗ್ಗೆ ಹುಷಾರು. ಅರ್ಧ ಕಟ್ಟಿ ಕೈ ತೊಳೆದುಕೊಂಡೆವು ಎಂದುಕೊಳ್ಳುತ್ತೇವೆ. ವರದಿಯಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ, 'ಕ್ಲೋಸ್ಡ್' ಎಂದಲ್ಲ. ಮುಂದಿನ ಬ್ಯಾಂಕಿನವರು ಅದನ್ನು ಅರೆ ತೀರಿದ ಸಾಲವೆಂದೇ ಓದುತ್ತಾರೆ. ಆದರೆ ಬಾಕಿ ಉಳಿದದ್ದನ್ನು ಕಟ್ಟಿ, ನೋ ಡ್ಯೂ ಪತ್ರ ಪಡೆದು, ದಾಖಲೆ ಬದಲಿಸಲು ಕೇಳಬಹುದು. ದುಡ್ಡು ಕೊಟ್ಟರೆ ವಾರದಲ್ಲಿ ಸ್ಕೋರ್ ಏರಿಸುತ್ತೇವೆ ಎನ್ನುವವರ ಕೈಯಲ್ಲಿ ಏನೂ ಇಲ್ಲ. ನಿಜವಾಗಿ ತಡವಾದ ಕಂತನ್ನು ಯಾರೂ ಅಳಿಸಲಾರರು. ಅದರ ಮೇಲೆ ಹೊತ್ತಿಗೆ ಸರಿಯಾಗಿ ಕಟ್ಟಿದ ತಿಂಗಳುಗಳು ಕೂಡುತ್ತ ಹೋಗಬೇಕು, ಅಷ್ಟೇ.

ಟ್ರ್ಯಾಕ್ಟರ್ ಸಾಲ ಹೋದ ವರ್ಷ ತೀರಿತು. ಕೊನೆಯ ಕಂತುಗಳನ್ನು ಗೆಳೆಯರಿಬ್ಬರೂ ಸೇರಿ ಕಟ್ಟಿದರು. ತಡವಾದ ತಿಂಗಳುಗಳು ವರದಿಯಲ್ಲಿ ಇನ್ನೂ ಇವೆ. ಈಗ ಒಂದು ಸಣ್ಣ ಬೈಕ್ ಸಾಲದ ಕಂತು ತಪ್ಪದೆ ಹೋಗುತ್ತಿದೆ. ಮನೆಯ ಪಾಯ ಮಾತ್ರ ಹಾಕಿದಲ್ಲೇ ಇದೆ, ಈ ಮಳೆಗಾಲಕ್ಕೂ ಅದರ ಮೇಲೆ ಹುಲ್ಲು ಬೆಳೆದಿದೆ.